ನಾನು ಕೊಂಡ ಗೇಮ್ ನನ್ನದೇನಾ? ಡಿಸ್ಕ್, ಡೌನ್‌ಲೋಡ್ ಮತ್ತು ಒಡೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್‌ಗಳ ಮಾತು ಬಂದಾಗಲೆಲ್ಲ ಗೆಳೆಯರು, ಪರಿಚಯದವರು, ಪತ್ರ ಬರೆಯುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ಉತ್ತರ ಹೇಳುವಾಗ ನಾನು ಒಂದೇ ವಿಷಯ ನೋಡುತ್ತೇನೆ: ಈ ಗೇಮನ್ನು ಯಾರ ಅಪ್ಪಣೆಯೂ ಇಲ್ಲದೆ ಹತ್ತು ವರ್ಷದ ನಂತರ ಆಡಬಹುದಾ? ಡಿಸ್ಕೋ ಡೌನ್‌ಲೋಡೋ ಅನ್ನುವುದು ಆಮೇಲಿನ ಮಾತು.

## ಶುರುವಿನ ಪ್ರಶ್ನೆಗಳು

ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಗೇಮ್ ನನ್ನದೇ ಅಲ್ವಾ?

ಬಹುಪಾಲು ಸ್ಟೋರ್‌ಗಳಲ್ಲಿ ಅಲ್ಲ. ನಿಮಗೆ ಸಿಕ್ಕಿದ್ದು ಆಡುವ ಪರವಾನಗಿ, ಅಂದರೆ ಲೈಸೆನ್ಸ್. ಅದು ನಿಮ್ಮ ಅಕೌಂಟಿಗೆ ಅಂಟಿಕೊಂಡಿರುತ್ತದೆ. ಅಕೌಂಟ್ ಇರುವುದು ಕಂಪನಿಯ ಕೈಯಲ್ಲಿ. ಲೈಸೆನ್ಸನ್ನು ಯಾವಾಗ ವಾಪಸ್ ಪಡೆಯಬಹುದು ಅನ್ನುವುದು ನಾವೆಲ್ಲ ಓದದೆ ಒಪ್ಪಿಕೊಳ್ಳುವ ಆ ಉದ್ದದ ಒಪ್ಪಂದದಲ್ಲಿ ಇರುತ್ತದೆ.

ಇದು ಗೇಮ್‌ಗಳಿಗಷ್ಟೇ ಬಂದ ಪಾಡಲ್ಲ. 2009ರಲ್ಲಿ ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳ ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದಲೇ, ಅಂದರೆ ಅವರ ಇ-ಪುಸ್ತಕ ಓದುವ ಯಂತ್ರಗಳಿಂದಲೇ, ಅಳಿಸಿ ಹಾಕಿತು. ಅವುಗಳನ್ನು ಮಾರಿದವರಿಗೆ ಮಾರುವ ಹಕ್ಕೇ ಇರಲಿಲ್ಲ ಅನ್ನುವುದು ಕಾರಣ. ದುಡ್ಡು ವಾಪಸ್ ಬಂತು, ಕಂಪನಿ ಕ್ಷಮೆಯನ್ನೂ ಕೇಳಿತು. ಆದರೆ ಮನೆಯ ಕಪಾಟಿನ ಪುಸ್ತಕವನ್ನು ರಾತ್ರೋರಾತ್ರಿ ಬಂದು ಯಾರೂ ಎತ್ತಿಕೊಂಡು ಹೋಗಲು ಆಗುವುದಿಲ್ಲ ಅಲ್ವಾ?

ಹಾಗಾದ್ರೆ ಡಿಸ್ಕ್ ತಗೊಂಡ್ರೆ ಗೇಮ್ ಪೂರ್ತಿ ನಂದಾ?

ಡಿಸ್ಕ್ ಅನ್ನುವ ವಸ್ತು ಪೂರ್ತಿ ನಿಮ್ಮದು. ಮಾರಬಹುದು, ಗೆಳೆಯನಿಗೆ ಕೊಡಬಹುದು, ತಂಗಿಗೆ ಬಿಟ್ಟುಕೊಡಬಹುದು. ಅದರೊಳಗಿನ ಸಾಫ್ಟ್‌ವೇರ್ ಲೆಕ್ಕದಲ್ಲಿ ಅದೂ ಲೈಸೆನ್ಸೇ. ಆದರೆ ಕನ್ಸೋಲ್, ಅಂದರೆ ಗೇಮ್ ಆಡಲೆಂದೇ ಇರುವ ಯಂತ್ರ, ಅದರ ಡಿಸ್ಕ್‌ಗಳಲ್ಲಿ ಆ ಹಕ್ಕು ಡಿಸ್ಕ್ ಜೊತೆಯಲ್ಲೇ ಕೈಯಿಂದ ಕೈಗೆ ಹೋಗುತ್ತದೆ. ಯಾರ ಹತ್ತಿರ ಡಿಸ್ಕ್ ಇದೆಯೋ ಅವರು ಆಡುತ್ತಾರೆ.

ಪಿಸಿ ಗೇಮ್‌ಗಳಲ್ಲಿ ಇದು ಬಹಳ ಹಿಂದೆಯೇ ತಪ್ಪಿಹೋಯಿತು. 2004ರಲ್ಲಿ ಹಾಫ್-ಲೈಫ್ 2 ಬಂದಾಗ ಅಂಗಡಿಯಿಂದ ಡಬ್ಬಿ ತಂದವರೂ ಸ್ಟೀಮ್ ಅನ್ನುವ ಪಿಸಿ ಗೇಮ್ ಸ್ಟೋರ್‌ನಲ್ಲಿ ಅಕೌಂಟ್ ಮಾಡಿಕೊಂಡು, ಗೇಮನ್ನು ಅದಕ್ಕೆ ಕಟ್ಟಬೇಕಿತ್ತು. ಒಮ್ಮೆ ಕಟ್ಟಿದ ಮೇಲೆ ಆ ಡಬ್ಬಿಯನ್ನು ಮಾರಿ ಪ್ರಯೋಜನವಿರಲಿಲ್ಲ. ಇಂದು ಪಿಸಿ ಗೇಮ್ ಡಬ್ಬಿ ತೆರೆದರೆ ಹೆಚ್ಚಾಗಿ ಒಂದು ಕಾಗದದ ಮೇಲೆ ಕೋಡ್ ಅಷ್ಟೇ ಇರುತ್ತದೆ.

ಡಿಸ್ಕ್ ಹಾಕಿದ್ರೂ ಇಷ್ಟೊಂದು ಡೌನ್‌ಲೋಡ್ ಕೇಳುತ್ತಲ್ಲ, ಯಾಕೆ?

ಮೂರು ಕಾರಣ ಇವೆ. ಮೊದಲನೆಯದು ಜಾಗ. ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) ಕನ್ಸೋಲ್ ಕಾಲದ ಬ್ಲೂ-ರೇ ಡಿಸ್ಕ್‌ನಲ್ಲಿ 50 ಜಿಬಿ, ಪಿಎಸ್5ರ ಡಿಸ್ಕ್‌ನಲ್ಲಿ 100 ಜಿಬಿ ಹಿಡಿಯುತ್ತದೆ. ಗೇಮ್ ಅದಕ್ಕಿಂತ ದೊಡ್ಡದಾದರೆ ಎರಡನೇ ಡಿಸ್ಕ್ ಬೇಕು. ಆ ಖರ್ಚು ಬೇಡ ಅಂತ ಕೆಲವು ಪ್ರಕಾಶಕರು ಉಳಿದದ್ದನ್ನು ಡೌನ್‌ಲೋಡಿಗೆ ತಳ್ಳುತ್ತಾರೆ. ಎರಡನೆಯದು ಸಮಯ. ಡಿಸ್ಕ್ ಅಚ್ಚಾಗುವುದು ಬಿಡುಗಡೆಗೆ ಎಷ್ಟೋ ವಾರ ಮುಂಚೆ. ತಂಡ ಅಲ್ಲಿಂದ ಬಿಡುಗಡೆಯವರೆಗೂ ತಪ್ಪು ತಿದ್ದುತ್ತಲೇ ಇರುತ್ತದೆ. ಆ ತಿದ್ದುಪಡಿಗಳೇ ಮೊದಲ ದಿನದ ಅಪ್‌ಡೇಟ್. ಮೂರನೆಯದು ಬೇಕೆಂದೇ ಹೀಗೆ ಮಾಡುವುದು: ಡಿಸ್ಕ್ ಬರೀ ಕೀಲಿ, ಗೇಮ್ ಇರುವುದು ಸರ್ವರ್‌ನಲ್ಲಿ.

ಮೊದಲೆರಡನ್ನು ನಾನು ಒಪ್ಪಬಲ್ಲೆ. ಮೂರನೆಯದನ್ನು ಒಪ್ಪಲು ಆಗುವುದಿಲ್ಲ. ಒಮ್ಮೆ ಹೊಸ ಡಿಸ್ಕ್ ತಂದು, ನೆಟ್ ತೆಗೆದು, ಕನ್ಸೋಲಿಗೆ ಹಾಕಿದೆ. ಇನ್‌ಸ್ಟಾಲ್ ನಿಮಿಷದೊಳಗೆ ಮುಗಿಯಿತು. ಅಷ್ಟು ಬೇಗ ಮುಗಿದಾಗಲೇ ಅನುಮಾನ ಬಂತು. ತೆರೆದರೆ ಮೆನು ಬಂತು, ಹಿನ್ನೆಲೆ ಸಂಗೀತ ಬಂತು, 'ಹೊಸ ಆಟ' ಅನ್ನುವ ಸಾಲು ಮಾತ್ರ ಬೂದು ಬಣ್ಣದಲ್ಲಿ ಸತ್ತು ಕೂತಿತ್ತು. ಡಬ್ಬಿ ತಿರುಗಿಸಿ ನೋಡಿದೆ. ಕೆಳಮೂಲೆಯಲ್ಲಿ, ಬಾರ್‌ಕೋಡಿನ ಪಕ್ಕ, ಕಣ್ಣಿಗೆ ಹತ್ತಿರ ಹಿಡಿದರಷ್ಟೇ ಓದಲು ಬರುವ ಅಕ್ಷರದಲ್ಲಿ 'ಡೌನ್‌ಲೋಡ್ ಕಡ್ಡಾಯ' ಅಂತ ಇತ್ತು.

ಸ್ವಿಚ್ 2ರ ಗೇಮ್-ಕೀ ಕಾರ್ಡ್ ಅಂದ್ರೆ ಏನು? ಅದು ಕಾರ್ಟ್ರಿಡ್ಜೇ ಅಲ್ವಾ?

ನೋಡಲು ಕಾರ್ಟ್ರಿಡ್ಜೇ, ಅಂದರೆ ಡಿಸ್ಕಿನ ಬದಲು ಕನ್ಸೋಲಿಗೆ ಸಿಕ್ಕಿಸುವ ಪುಟ್ಟ ಬಿಲ್ಲೆ. ಒಳಗೆ ಗೇಮ್ ಇರುವುದಿಲ್ಲ. 2025ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ 2 ಕನ್ಸೋಲ್ ಜೊತೆಗೆ ಬಂದ ಪದ್ಧತಿ ಇದು. ಕಾರ್ಡ್ ಹಾಕಿದರೆ ಪೂರ್ತಿ ಗೇಮನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಆಮೇಲೆ ಆಡುವಾಗಲೆಲ್ಲ ಕಾರ್ಡ್ ಒಳಗೇ ಇರಬೇಕು.

ಒಂದು ಒಳ್ಳೆಯದಿದೆ: ಇದು ಅಕೌಂಟಿಗೆ ಅಂಟುವುದಿಲ್ಲ, ಹಾಗಾಗಿ ಮಾರಬಹುದು, ಎರವಲು ಕೊಡಬಹುದು. ಡಬ್ಬಿಯ ಮುಂಭಾಗದಲ್ಲೇ ಸ್ಪಷ್ಟವಾಗಿ ಬರೆದಿರುತ್ತಾರೆ, ಅದೂ ಮೆಚ್ಚಬೇಕಾದ್ದೇ. ಆದರೆ ಮುಂದೊಂದು ದಿನ ಡೌನ್‌ಲೋಡ್ ಸರ್ವರ್ ನಿಂತರೆ ಆ ಕಾರ್ಡ್ ಬರೀ ಪ್ಲಾಸ್ಟಿಕ್. ದೊಡ್ಡ ಗೇಮ್ ಕಾರ್ಡಿನಲ್ಲಿ ಹಿಡಿಯುವುದಿಲ್ಲ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಸೈಬರ್‌ಪಂಕ್ 2077 ಅನ್ನುವ ದೊಡ್ಡ ಗೇಮ್ ಇದೇ ಕನ್ಸೋಲಿಗೆ 64 ಜಿಬಿ ಕಾರ್ಡಿನಲ್ಲಿ ಪೂರ್ತಿ ಬಂದಿದೆ. ದೊಡ್ಡ ಕಾರ್ಡಿಗೆ ಖರ್ಚು ಜಾಸ್ತಿ, ಅದೇ ನಿಜವಾದ ತೊಡಕು.

ಜನರೇ ಡಿಜಿಟಲ್ ಬೇಕು ಅಂದ್ರು, ಡಿಸ್ಕ್ ಹೋಯ್ತು. ಇದರಲ್ಲಿ ಕಂಪನಿ ತಪ್ಪೇನು?

ಅರ್ಧ ನಿಜ. ಕೂತಲ್ಲೇ ಕೊಳ್ಳಬಹುದು, ಡಿಸ್ಕ್ ಬದಲಿಸುವ ಗೋಜಿಲ್ಲ, ಗೀರು ಬೀಳುವ ಭಯವಿಲ್ಲ. ಸೋನಿಯ ಲೆಕ್ಕದಲ್ಲೇ ಪ್ಲೇಸ್ಟೇಷನ್‌ನಲ್ಲಿ ಮಾರಾಟವಾಗುವ ಪೂರ್ಣ ಗೇಮ್‌ಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಈಗ ಡೌನ್‌ಲೋಡ್. ನಾನೂ ಡೌನ್‌ಲೋಡ್ ಗೇಮ್‌ಗಳನ್ನು ತಗೊಳ್ಳುತ್ತೇನೆ.

ಉಳಿದರ್ಧ ಲಾಭದ ಲೆಕ್ಕ. ಡಿಸ್ಕಿಗೆ ಅಚ್ಚು, ಡಬ್ಬಿ, ಸಾಗಣೆ, ಅಂಗಡಿಯವನ ಪಾಲು ಎಲ್ಲ ಇದೆ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾರಾಟವಾದರೆ ಪ್ರಕಾಶಕರಿಗೆ ಒಂದು ಪೈಸೆಯೂ ಬರುವುದಿಲ್ಲ. ಡೌನ್‌ಲೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಅನ್ನುವುದೇ ಇಲ್ಲ.

ಜನರನ್ನು ನೇರವಾಗಿ ಕೇಳಿದಾಗ ಏನಾಯಿತು ಅನ್ನುವುದಕ್ಕೆ 2013 ನೆನಪಿಸಿಕೊಳ್ಳಿ. ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆ ನೆಟ್‌ಗೆ ಬಂದು ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಮಾರಲು ಕಟ್ಟುಪಾಡು ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಆಟಗಾರರು ಎಷ್ಟು ಸಿಟ್ಟಾದರೆಂದರೆ ಕನ್ಸೋಲ್ ಬಿಡುಗಡೆಗೆ ಮುಂಚೆಯೇ, ಜೂನ್ 19ರಂದು ಎರಡನ್ನೂ ಕೈಬಿಟ್ಟಿತು. ಜನ ಅನುಕೂಲ ಕೇಳಿದ್ದು ನಿಜ. ಹಕ್ಕು ಬಿಟ್ಟುಕೊಡುತ್ತೇವೆ ಅಂತ ಯಾವತ್ತೂ ಹೇಳಲಿಲ್ಲ.

ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ತಗೊಳ್ಳಬಹುದಾ?

ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡ್ರೈವ್ ಇಲ್ಲ, ಆಮೇಲೆ ಹಾಕಿಸಲೂ ಆಗುವುದಿಲ್ಲ. 2024ರ ಪಿಎಸ್5 ಪ್ರೊಗೆ ಡ್ರೈವ್ ಬೇರೆಯಾಗಿ ಕೊಂಡು ಸೇರಿಸಬಹುದು; ಸೇರಿಸುವಾಗ ಒಮ್ಮೆ ನೆಟ್ ಬೇಕೇ ಬೇಕು. ಡ್ರೈವ್ ಇಲ್ಲದಿದ್ದರೆ ನೀವು ಕೊಳ್ಳಬಹುದಾದ ಅಂಗಡಿ ಬಹುಪಾಲು ಒಂದೇ, ಅದು ಆ ಕನ್ಸೋಲ್ ಕಂಪನಿಯದ್ದು. ಅವರು ಹೇಳಿದ್ದೇ ಬೆಲೆ. ಮನೆಯಲ್ಲಿ ಹಳೆಯ ಡಿಸ್ಕ್‌ಗಳಿದ್ದರೆ ಅವೂ ಮೂಲೆ ಸೇರುತ್ತವೆ. ಆಯ್ಕೆ ಇದ್ದರೆ ಡ್ರೈವ್ ಇರುವುದನ್ನೇ ತಗೊಳ್ಳಿ.

## ಸ್ಟೋರ್ ಮುಚ್ಚಿದಾಗ, ಸರ್ವರ್ ನಿಂತಾಗ

ಸ್ಟೋರ್ ಬಾಗಿಲು ಹಾಕಿದ್ರೆ ನಾನು ತಗೊಂಡ ಗೇಮ್‌ಗಳ ಗತಿ ಏನು?

ಸಾಮಾನ್ಯವಾಗಿ ಹೊಸದಾಗಿ ಕೊಳ್ಳುವುದು ಮೊದಲು ನಿಲ್ಲುತ್ತದೆ. ಹಿಂದೆ ಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳುವುದು ಇನ್ನಷ್ಟು ಕಾಲ ನಡೆಯುತ್ತದೆ. ನಿಂಟೆಂಡೊದ ಹಳೆಯ ಕನ್ಸೋಲ್ ಆದ ವೀಯ ಸ್ಟೋರ್ 2019ರ ಜನವರಿ 30ಕ್ಕೆ ಮುಚ್ಚಿತು. ಅದೇ ಕಂಪನಿಯ 3ಡಿಎಸ್ ಮತ್ತು ವೀ ಯು ಸ್ಟೋರ್‌ಗಳು 2023ರ ಮಾರ್ಚ್ 27ಕ್ಕೆ, ಎಕ್ಸ್‌ಬಾಕ್ಸ್ 360 ಸ್ಟೋರ್ 2024ರ ಜುಲೈ 29ಕ್ಕೆ. ಇವುಗಳಲ್ಲಿ ಡಿಸ್ಕ್ ಆಗಿ ಬಾರದೆ ಬರೀ ಡೌನ್‌ಲೋಡ್ ಆಗಿ ಬಂದ ಗೇಮ್‌ಗಳು ಎಷ್ಟೋ ಇದ್ದವು. ಬೇರೆಡೆ ಮತ್ತೆ ಬಿಡುಗಡೆಯಾಗದಿದ್ದರೆ ಅವನ್ನು ಕೊಳ್ಳಲು ಈಗ ದಾರಿಯೇ ಇಲ್ಲ.

ಜನ ಗಟ್ಟಿಯಾಗಿ ಕೇಳಿದರೆ ಕಂಪನಿ ಬಗ್ಗುವುದೂ ಉಂಟು. 2021ರ ಮಾರ್ಚ್‌ನಲ್ಲಿ ಸೋನಿ ಪಿಎಸ್3, ವೀಟಾ ಅನ್ನುವ ತನ್ನ ಹಳೆಯ ಕನ್ಸೋಲ್‌ಗಳ ಸ್ಟೋರ್‌ಗಳನ್ನು ಮುಚ್ಚುತ್ತೇವೆ ಅಂದಿತು. ಮುಂದಿನ ತಿಂಗಳೇ ಮನಸ್ಸು ಬದಲಿಸಿತು.

ಮುಚ್ಚುವ ಸುದ್ದಿ ಬಂದ ಕೂಡಲೇ ಒಂದು ಸಂಜೆ ಕೂತು ಎಲ್ಲವನ್ನೂ ಇಳಿಸಿಕೊಳ್ಳಿ. ಗೇಮ್ ಜೊತೆಗೆ ಅಪ್‌ಡೇಟ್‌ಗಳನ್ನೂ ಹೆಚ್ಚುವರಿ ಅಧ್ಯಾಯಗಳನ್ನೂ ಮರೆಯಬೇಡಿ.

ಸ್ಟೋರ್ ಇದೆ, ಆದ್ರೆ ಗೇಮ್ ಮಾತ್ರ ಕಾಣೆ. ಯಾಕೆ ತೆಗೆದು ಹಾಕ್ತಾರೆ?

ಹೆಚ್ಚಾಗಿ ಒಳಗಿರುವ ಬೇರೆಯವರ ವಸ್ತುಗಳ ಕರಾರು ಮುಗಿದಿರುತ್ತದೆ: ಹಾಡು, ಕಾರಿನ ಬ್ರ್ಯಾಂಡ್, ಸಿನಿಮಾ ಪಾತ್ರ. ಆಲನ್ ವೇಕ್ ಅನ್ನುವ ಗೇಮ್ 2017ರಲ್ಲಿ ಹಾಡುಗಳ ಕರಾರು ಮುಗಿದದ್ದಕ್ಕೆ ಮಾಯವಾಗಿ, ಕರಾರು ಹೊಸದಾದ ಮೇಲೆ 2018ರಲ್ಲಿ ಮರಳಿತು. ಸ್ಕಾಟ್ ಪಿಲ್‌ಗ್ರಿಮ್ ಗೇಮ್ 2014ರ ಕೊನೆಗೆ ಹೋದದ್ದು ಮತ್ತೆ ಕಾಣಿಸಿದ್ದು 2021ರಲ್ಲಿ.

ತೆಗೆದ ಮೇಲೂ ಮೊದಲೇ ಕೊಂಡವರು ಸಾಮಾನ್ಯವಾಗಿ ಇಳಿಸಿಕೊಳ್ಳಬಹುದು. ಎಲ್ಲ ಸಲವೂ ಅಲ್ಲ. ಪಿ.ಟಿ. ಅನ್ನುವ ಪುಟ್ಟ ಭಯದ ಗೇಮನ್ನು ಕೊನಾಮಿ 2014ರಲ್ಲಿ ಪುಕ್ಕಟೆಯಾಗಿ ಬಿಟ್ಟು, 2015ರಲ್ಲಿ ಪೂರ್ತಿ ಕಿತ್ತುಹಾಕಿತು. ಅಳಿಸಿದವರಿಗೆ ಮತ್ತೆ ಸಿಗಲಿಲ್ಲ. ಅದು ಒಳಗೆ ಉಳಿದಿದ್ದ ಪಿಎಸ್4ಗಳನ್ನು ಜನ ಜಾಸ್ತಿ ಬೆಲೆಗೆ ಮಾರಿದರು.

ಇನ್ನೊಂದು ಬಗೆ ಗಮನಕ್ಕೇ ಬರುವುದಿಲ್ಲ. ಗೇಮ್ ಇರುತ್ತದೆ, ಒಳಗಿನದು ಬದಲಾಗಿರುತ್ತದೆ. ಜಿಟಿಎ 4 ಗೇಮಿನೊಳಗೆ ಕೇಳಿಬರುವ ರೇಡಿಯೋದಿಂದ 2018ರಲ್ಲಿ ಎಷ್ಟೋ ಹಾಡುಗಳನ್ನು ಅಪ್‌ಡೇಟ್ ಮೂಲಕ ತೆಗೆದರು. ಹತ್ತು ವರ್ಷ ಮುಂಚೆ ಕೊಂಡವರ ಗೇಮಿನಿಂದಲೂ ಅವು ಹೋದವು. ನೆಟ್‌ಗೆ ಜೋಡಿಸದ ಹಳೆಯ ಡಿಸ್ಕ್‌ನಲ್ಲಿ ಇಂದಿಗೂ ಅದೇ ಹಳೆಯ ಹಾಡುಗಳಿವೆ.

ಒಬ್ಬನೇ ಆಡೋ ಗೇಮ್‌ಗೂ ಸರ್ವರ್ ಯಾಕೆ ಬೇಕು? ದ ಕ್ರೂ ಕಥೆ ಏನು?

ದ ಕ್ರೂ ಕಾರ್ ಓಡಿಸುವ ಗೇಮ್. ಯೂಬಿಸಾಫ್ಟ್ 2014ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತ್ತು. ಇಡೀ ಅಮೆರಿಕವನ್ನು ಸಣ್ಣದು ಮಾಡಿ ಕಟ್ಟಿದ ನಕ್ಷೆ, ಒಬ್ಬರೇ ಗಂಟೆಗಟ್ಟಲೆ ಸುತ್ತಬಹುದಿತ್ತು. ಆದರೆ ನೆಟ್ ಇಲ್ಲದೆ ಶುರುವೇ ಆಗುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಅಂದಿನಿಂದ ಡಿಸ್ಕ್ ಇದ್ದವರೂ ಒಂದು ಮೀಟರ್ ಗಾಡಿ ಓಡಿಸಲು ಆಗಲಿಲ್ಲ. ಸಾಲದ್ದಕ್ಕೆ ಮುಂದಿನ ತಿಂಗಳು ಯೂಬಿಸಾಫ್ಟ್ ಅಕೌಂಟ್‌ಗಳಿಂದ ಅದರ ಲೈಸೆನ್ಸನ್ನೂ ತೆಗೆದುಹಾಕಿದರು.

ಹೀಗೆ ಕಟ್ಟುವುದಕ್ಕೆ ತಾಂತ್ರಿಕ ಕಾರಣ ಇರುತ್ತದೆ: ಆಟಗಾರರ ಸೇವ್ (ಎಲ್ಲಿಯವರೆಗೆ ಆಡಿದ್ದಾರೆ ಅನ್ನುವ ದಾಖಲೆ), ಗಾಡಿಗಳ ಪಟ್ಟಿ, ಸ್ಪರ್ಧೆಗಳು ಎಲ್ಲ ಸರ್ವರ್‌ನಲ್ಲಿರುತ್ತವೆ. ಮೋಸ ತಡೆಯಲು, ಕಳ್ಳ ಪ್ರತಿ ತಡೆಯಲು, ಗೇಮಿನೊಳಗಿನ ವ್ಯಾಪಾರ ನಡೆಸಲು ಅದು ಸುಲಭ. ಆದರೆ ಇದು ಗೇಮ್ ಕಟ್ಟುವವರು ಮಾಡಿಕೊಂಡ ಆಯ್ಕೆ. ಅದರ ನಷ್ಟ ಪೂರ್ತಿ ಕೊಂಡವರ ತಲೆಗೆ ಬಂತು.

ಸೋನಿಯ ಕಾನ್‌ಕಾರ್ಡ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ನಿಂತಿತು. ಎರಡೇ ವಾರ. ಆದರೆ ಅಲ್ಲಿ ಕೊಂಡವರಿಗೆಲ್ಲ ಪೂರ್ತಿ ದುಡ್ಡು ವಾಪಸ್ ಬಂತು.

ಸರ್ವರ್ ನಿಲ್ಲಿಸಿದ ಮೇಲೂ ಗೇಮ್ ಉಳಿಸೋಕೆ ಆಗುತ್ತಾ? ಇದೆಲ್ಲ ಹೇಳೋಕೆ ಸುಲಭ ಅಷ್ಟೇ ಅಲ್ವಾ?

ಆಗುತ್ತದೆ, ಮಾಡಿ ತೋರಿಸಿದ್ದಾರೆ. ಗ್ರಾನ್ ಟುರಿಸ್ಮೊ ಸ್ಪೋರ್ಟ್ ಕೂಡ ನೆಟ್ ಬೇಡುವ ಕಾರ್ ಗೇಮ್. 2024ರ ಜನವರಿ 31ಕ್ಕೆ ಅದರ ಸರ್ವರ್ ನಿಂತಿತು. ಅದಕ್ಕೂ ಮುಂಚೆ ಒಂದು ಅಪ್‌ಡೇಟ್ ಕೊಟ್ಟು, ಒಬ್ಬರೇ ಆಡುವ ಭಾಗವನ್ನು ನೆಟ್ ಇಲ್ಲದೆ ಆಡಿ ಸೇವ್ ಮಾಡುವ ಹಾಗೆ ಮಾಡಿದರು. ದ ಕ್ರೂ ನಿಂತ ಎರಡು ತಿಂಗಳ ಹಿಂದಷ್ಟೇ ನಡೆದದ್ದು ಇದು. ನಾಕೌಟ್ ಸಿಟಿ ತಂಡ 2023ರಲ್ಲಿ ಸರ್ವರ್ ನಿಲ್ಲಿಸುವಾಗ, ಆಟಗಾರರು ತಾವೇ ಸರ್ವರ್ ನಡೆಸಿಕೊಳ್ಳುವಂಥ ಪಿಸಿ ಆವೃತ್ತಿಯನ್ನೇ ಕೊಟ್ಟುಹೋಯಿತು.

ನನಗೆ ತುಂಬಾ ಇಷ್ಟವಾದದ್ದು ಸಿಟಿ ಆಫ್ ಹೀರೋಸ್ ಕಥೆ. ಸಾವಿರಾರು ಜನ ಒಟ್ಟಿಗೆ ಆಡುವ ಗೇಮ್, ಅಂದರೆ ಉಳಿಸಲು ತೀರಾ ಕಷ್ಟದ ಜಾತಿ. ಎನ್‌ಸಿಸಾಫ್ಟ್ 2012ರಲ್ಲಿ ಅದನ್ನು ನಿಲ್ಲಿಸಿತು. ಅಭಿಮಾನಿಗಳು ತಾವೇ ಸರ್ವರ್ ಎಬ್ಬಿಸಿ ನಡೆಸಿದರು. 2024ರ ಜನವರಿಯಲ್ಲಿ ಕಂಪನಿ ಹೋಮ್‌ಕಮಿಂಗ್ ಅನ್ನುವ ಆ ಅಭಿಮಾನಿ ತಂಡಕ್ಕೆ ಅಧಿಕೃತ ಲೈಸೆನ್ಸ್ ಕೊಟ್ಟಿತು.

ಅಕೌಂಟ್ ಬ್ಯಾನ್ ಆದ್ರೆ? ನಾನು ಸತ್ತ ಮೇಲೆ ಗೇಮ್‌ಗಳು ಮಕ್ಕಳಿಗೆ ಬರುತ್ತಾ?

ಎರಡೂ ಪ್ರಶ್ನೆಗೆ ಬೇರು ಒಂದೇ. ಲೈಬ್ರರಿ ಪೂರ್ತಿ ಒಂದು ಲಾಗಿನ್ ಮೇಲೆ ನಿಂತಿದೆ. ಬ್ಯಾನ್ ಎಷ್ಟರ ಮಟ್ಟಿಗೆ ಅನ್ನುವುದು ಆಯಾ ಸ್ಟೋರಿಗೆ ಬಿಟ್ಟದ್ದು: ಕೆಲವೆಡೆ ಆನ್‌ಲೈನ್ ಆಟ ಮಾತ್ರ ನಿಲ್ಲುತ್ತದೆ, ಕೆಲವೆಡೆ ಇಡೀ ಅಕೌಂಟೇ ಹೋಗುತ್ತದೆ.

ಉಯಿಲಿನ ವಿಷಯಕ್ಕೆ ಬಂದರೆ, ಸ್ಟೀಮ್ ಒಪ್ಪಂದದ ಪ್ರಕಾರ ಅಕೌಂಟನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ. ಉಯಿಲಿನಲ್ಲಿ ಬರೆದಿಟ್ಟರೂ ಅಷ್ಟೇ. ಕೋರ್ಟ್ ಆದೇಶ ತಂದರೆ ವಾರಸುದಾರರಿಗೆ ಕೊಡಲು ಪ್ರಯತ್ನಿಸುತ್ತೇವೆ ಅಂತ ಜಿಒಜಿ ಅನ್ನುವ ಇನ್ನೊಂದು ಪಿಸಿ ಗೇಮ್ ಸ್ಟೋರ್ 2024ರಲ್ಲಿ ಹೇಳಿತು. ಇಪ್ಪತ್ತು ವರ್ಷ ಒಂದೊಂದಾಗಿ ಕೂಡಿಸಿದ ಗೇಮ್‌ಗಳು ಒಬ್ಬರ ಉಸಿರಿನ ಜೊತೆ ಮುಗಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಅಪ್ಪನ ಕಪಾಟಿನಿಂದ ಪುಸ್ತಕ ತೆಗೆದು ಓದಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಅರ್ಥವಾಗುತ್ತದೆ.

ಬದುಕಿರುವಾಗ ಹಂಚಿಕೊಳ್ಳಲು ಸ್ಟೀಮ್ ಫ್ಯಾಮಿಲೀಸ್ ಇದೆ, ಆರು ಜನರವರೆಗೆ. ಕುಟುಂಬದೊಳಗೆ 14 ದಿನಕ್ಕೆ ಎರವಲು ಕೊಡುವ ಏರ್ಪಾಡನ್ನು ನಿಂಟೆಂಡೊ 2025ರಲ್ಲಿ ತಂದಿದೆ.

ತಿಂಗಳ ಚಂದಾ ಕಟ್ಟಿ ಆಡೋದು ಇದಕ್ಕಿಂತ ಕೆಟ್ಟದ್ದಾ?

ಅಲ್ಲ. ಗೇಮ್ ಪಾಸ್‌ನಂಥ ಚಂದಾದಲ್ಲಿ ಬಾಡಿಗೆ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಕಟ್ಟುವುದು ನಿಲ್ಲಿಸಿದರೆ ಆಟ ನಿಲ್ಲುತ್ತದೆ, ಮಾತು ನೇರವಾಗಿದೆ. 'ಕೊಳ್ಳಿ' ಅಂತ ಬಟನ್ ಇಟ್ಟು ಬಾಡಿಗೆ ಕೊಡುವುದೇ ನನ್ನ ತಕರಾರು. ಮನಸ್ಸಿಗೆ ಹತ್ತಿರವಾದ ಗೇಮ್ ಚಂದಾದಲ್ಲಿ ಸಿಕ್ಕರೆ ಬೇರೆಯಾಗಿ ಒಂದು ಪ್ರತಿ ಇಟ್ಟುಕೊಳ್ಳಿ.

## ಕಾನೂನಿನ ಪ್ರಶ್ನೆಗಳು

ಡಿಸ್ಕ್ ಮಾರಬಹುದು, ಡೌನ್‌ಲೋಡ್ ಮಾರೋ ಹಾಗಿಲ್ಲ. ಇದು ಯಾವ ನ್ಯಾಯ?

ಕೊಂಡ ಪ್ರತಿಯ ಮೇಲೆ, ಅದನ್ನು ಮೊದಲ ಸಲ ಮಾರಿದ ನಂತರ, ಹಕ್ಕುದಾರನಿಗೆ ಹಿಡಿತವಿಲ್ಲ ಅನ್ನುವುದು ಹಳೆಯ ತತ್ವ. ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ಪುಸ್ತಕಗಳ ಮೊಕದ್ದಮೆಯಲ್ಲಿ ಹೀಗೆ ಹೇಳಿತ್ತು. ಡೌನ್‌ಲೋಡಿನಲ್ಲಿ ಎರಡು ತೊಡಕು. ಒಂದು, ಕಂಪನಿ 'ನಾನು ಮಾರಿಲ್ಲ, ಲೈಸೆನ್ಸ್ ಕೊಟ್ಟಿದ್ದೇನೆ' ಅನ್ನುತ್ತದೆ. ಎರಡು, ಫೈಲನ್ನು ಇನ್ನೊಬ್ಬರಿಗೆ ಕೊಡುವುದು ಅಂದರೆ ಹೊಸ ಪ್ರತಿ ಮಾಡುವುದು, ಅದಕ್ಕೆ ಅನುಮತಿ ಬೇಕು.

ಯುರೋಪಿನಲ್ಲಿ ಆಸೆ ಹುಟ್ಟಿತ್ತು. 2012ರಲ್ಲಿ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ಮೊಕದ್ದಮೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಕಾಲಮಿತಿ ಇಲ್ಲದ ಲೈಸೆನ್ಸನ್ನು ಒಮ್ಮೆಗೇ ದುಡ್ಡು ಪಡೆದು ಕೊಟ್ಟರೆ ಅದು ಮಾರಾಟವೇ ಅಂದಿತು. ಕೊಂಡವರು ತಮ್ಮ ಪ್ರತಿ ಅಳಿಸಿ ಮರುಮಾರಾಟ ಮಾಡಬಹುದು ಅಂತಲೂ ಹೇಳಿತು. ಇದನ್ನೇ ಹಿಡಿದು ಫ್ರಾನ್ಸಿನ ಗ್ರಾಹಕ ಸಂಘ ಯುಎಫ್‌ಸಿ ಕ ಶ್ವಾಜಿರ್ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯನ್ನು ಕೋರ್ಟಿಗೆ ಎಳೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯದಲ್ಲಿ ಗೆದ್ದೂ ಬಿಟ್ಟಿತು. ಆದರೆ 2022ರಲ್ಲಿ ಮೇಲ್ಮನವಿಯಲ್ಲಿ ಸೋಲಾಯಿತು, 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಆ ಸೋಲನ್ನು ಖಾಯಂ ಮಾಡಿತು. ಗೇಮ್ ಅಂದರೆ ಬರೀ ಸಾಫ್ಟ್‌ವೇರ್ ಅಲ್ಲ, ಚಿತ್ರ, ಸಂಗೀತ, ಕಥೆ ಎಲ್ಲ ಸೇರಿದ ಕೃತಿ, ಹಾಗಾಗಿ ಸಾಫ್ಟ್‌ವೇರ್ ನಿಯಮ ಇದಕ್ಕಿಲ್ಲ ಅನ್ನುವುದು ವಾದ. ಗೇಮ್ ಒಂದು ಕಲೆ ಅಂತ ಕೋರ್ಟ್ ಒಪ್ಪಿದ್ದು ಸಂತೋಷ. ಅದೇ ಮಾತು ಕೊಂಡವರ ಕೈ ಕಟ್ಟಿದ್ದು ಬೇಸರ.

'ಕೊಳ್ಳಿ' ಅನ್ನೋ ಬಟನ್ ಹಾಕಬಾರದು ಅಂತ ಕಾನೂನು ಬಂದಿದೆಯಂತೆ, ನಿಜಾನಾ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಎಬಿ 2426 ಅನ್ನುವ ಕಾನೂನಿಗೆ 2024ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಸಹಿ ಬಿತ್ತು, 2025ರ ಜನವರಿ 1ರಿಂದ ಜಾರಿಗೆ ಬಂತು. ಡಿಜಿಟಲ್ ವಸ್ತುವಿಗೆ 'ಕೊಳ್ಳಿ' ಅನ್ನುವ ಮಾತು ಬಳಸಬೇಕಾದರೆ, ಸಿಗುವುದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ಹೇಳಬೇಕು. ಒಮ್ಮೆ ಇಳಿಸಿಕೊಂಡು ನೆಟ್ ಇಲ್ಲದೆ ಶಾಶ್ವತವಾಗಿ ಬಳಸಬಹುದಾದ ವಸ್ತುವಿಗೆ ಈ ನಿಯಮವಿಲ್ಲ. ಜಾರಿಗೆ ಬರುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ ಸ್ಟೀಮ್ ದುಡ್ಡು ಕಟ್ಟುವ ಪುಟದಲ್ಲಿ ಇಂಥ ಸಾಲು ಸೇರಿಸಿತು.

ಈ ಕಾನೂನು ಹೊಸ ಹಕ್ಕು ಕೊಡುವುದಿಲ್ಲ. ಸತ್ಯ ಹೇಳಿ ಮಾರಿ ಅನ್ನುತ್ತದೆ ಅಷ್ಟೇ. ಅಷ್ಟಾದರೂ ಆಯಿತು.

ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅವರು ಸರ್ವರ್‌ನ ಜೀವನಪೂರ್ತಿ ನಡೆಸಿ ಅಂತಾರಾ?

ಇಲ್ಲ, ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ತಿಳಿವಳಿಕೆ. ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 2024ರ ಏಪ್ರಿಲ್‌ನಲ್ಲಿ ಶುರು ಮಾಡಿದ ಅಭಿಯಾನ ಇದು. ಕಂಪನಿ ಬೆಂಬಲ ನಿಲ್ಲಿಸಬಹುದು, ಆದರೆ ನಿಲ್ಲಿಸುವಾಗ ಗೇಮನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಅನ್ನುವುದು ಅವರ ಬೇಡಿಕೆ. ಆಫ್‌ಲೈನ್ ಅಪ್‌ಡೇಟ್ ಕೊಡಲಿ, ಖಾಸಗಿ ಸರ್ವರ್ ನಡೆಸಲು ಬಿಡಲಿ, ದಾರಿ ಯಾವುದಾದರೂ ಸರಿ.

ಯುರೋಪಿಯನ್ ಒಕ್ಕೂಟದಲ್ಲಿ ನಾಗರಿಕರು ಹೊಸ ಕಾನೂನು ಕೇಳಲು ವರ್ಷದೊಳಗೆ 10 ಲಕ್ಷ ಸಹಿ ಸೇರಿಸಬೇಕು, ಕನಿಷ್ಠ 7 ದೇಶಗಳಲ್ಲಿ ನಿಗದಿಯಾದಷ್ಟು ಸಹಿ ಇರಬೇಕು. 2025ರ ಜುಲೈ 31ಕ್ಕೆ ಅವಧಿ ಮುಗಿದಾಗ 14 ಲಕ್ಷ ದಾಟಿತ್ತು. ಕಂಪನಿಗಳ ಕೂಟ ವಿಡಿಯೋ ಗೇಮ್ಸ್ ಯುರೋಪ್ ಇದನ್ನು ವಿರೋಧಿಸುತ್ತದೆ. ಗೇಮ್ ಕಟ್ಟುವ ಖರ್ಚು ಏರುತ್ತದೆ, ಖಾಸಗಿ ಸರ್ವರ್‌ಗಳಲ್ಲಿ ಆಟಗಾರರ ಸುರಕ್ಷತೆಗೆ ಯಾರೂ ಹೊಣೆ ಇರುವುದಿಲ್ಲ ಅನ್ನುತ್ತದೆ. ಖರ್ಚಿನ ಮಾತಿನಲ್ಲಿ ಹುರುಳಿದೆ, ಮುಗಿದ ಗೇಮಿಗೆ ಕೊನೆಗೆ ಇದನ್ನು ಸೇರಿಸುವುದು ಕಷ್ಟವೇ. ಅದಕ್ಕೇ ಶುರುವಿನಲ್ಲೇ ಯೋಚಿಸಿ ಕಟ್ಟಲಿ ಅನ್ನುವುದು ನನ್ನ ನಿಲುವು.

ಲೈಬ್ರರಿ, ಮ್ಯೂಸಿಯಂಗಳು ಉಳಿಸಿಕೊಳ್ಳಲ್ವಾ? ನಾವ್ಯಾಕೆ ತಲೆ ಕೆಡಿಸ್ಕೋಬೇಕು?

ಅವರು ಉಳಿಸಲು ಒದ್ದಾಡುತ್ತಿದ್ದಾರೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಷನ್ ನೆಟ್‌ವರ್ಕ್ 2023ರಲ್ಲಿ ಒಂದು ಅಧ್ಯಯನ ಹೊರತಂದವು. ಅಮೆರಿಕದಲ್ಲಿ 2010ಕ್ಕಿಂತ ಮುಂಚೆ ಬಂದ ಗೇಮ್‌ಗಳಲ್ಲಿ 87% ಈಗ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ ಅಂತ ಅದರಲ್ಲಿ ಕಂಡುಬಂತು. ಸಂಶೋಧಕರು ಇಂಥ ಗೇಮ್‌ಗಳನ್ನು ಲೈಬ್ರರಿಗೆ ಬಾರದೆ ದೂರದಿಂದಲೇ ನೋಡಲು ಬಿಡಿ ಅಂತ ಕೇಳಿದರೆ, 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಪ್ಪಲಿಲ್ಲ. ಜನ ಮೋಜಿಗಾಗಿ ಆಡಿಬಿಟ್ಟಾರು ಅನ್ನುವ ಭಯ ಒಂದು ಕಾರಣ. ಕಾದಂಬರಿಯನ್ನು ಯಾರೋ ಸಂತೋಷಕ್ಕೆ ಓದಿಯಾರು ಅಂತ ಲೈಬ್ರರಿಗೆ ಬೀಗ ಹಾಕಿದ ಹಾಗಾಯಿತು ಇದು.

ಅವರೇ ಕಿತ್ಕೊಂಡ್ರೆ ಪೈರಸಿ ಮಾಡೋದು ತಪ್ಪಾ?

ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಕಾನೂನು ಈ ವಾದ ಒಪ್ಪುವುದಿಲ್ಲ, ಮತ್ತು ಮಾರಾಟದಲ್ಲಿರುವ ಗೇಮನ್ನು ಕದ್ದು ಆಡಿದರೆ ಅದನ್ನು ಕಟ್ಟಿದ ಸಣ್ಣ ತಂಡಕ್ಕೇ ಪೆಟ್ಟು. ಯಾರೂ ಮಾರದ, ಎಲ್ಲೂ ಸಿಗದ ಗೇಮ್ ಉಳಿದಿರುವುದು ಮಾತ್ರ ಎಷ್ಟೋ ಸಲ ಅಭಿಮಾನಿಗಳು ಕಾಪಿಟ್ಟ ಪ್ರತಿಗಳಿಂದಲೇ. ಅದನ್ನು ಕಾನೂನಿನ ಒಳಕ್ಕೆ ತರಬೇಕು ಅಂತ ಲೈಬ್ರರಿಗಳ ಪರ ನಿಂತು ಕೇಳುವುದು ನನಗೆ ಸರಿ ಅನಿಸಿದ ದಾರಿ.

## ಕೊಳ್ಳುವಾಗ, ಕಾಪಾಡುವಾಗ

ಜಿಒಜಿಯಲ್ಲಿ ತಗೊಂಡ್ರೆ ನನ್ನದೇ ಆಗುತ್ತಾ?

ಕಾಗದದ ಮೇಲೆ ಅಲ್ಲಿಯೂ ಲೈಸೆನ್ಸೇ. ಆದರೆ ಗೇಮಿಗೆ ಬೀಗ ಇರುವುದಿಲ್ಲ. ಇನ್‌ಸ್ಟಾಲ್ ಮಾಡುವ ಫೈಲನ್ನೇ ಇಳಿಸಿ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ನಾಳೆ ಜಿಒಜಿ ಮುಚ್ಚಿದರೂ ಆ ಫೈಲ್ ಓಡುತ್ತದೆ. ಯಾರ ಅಪ್ಪಣೆಯೂ ಬೇಡ ಅನ್ನುವ ಲೆಕ್ಕದಲ್ಲಿ ಇದು ಎಷ್ಟೋ ಡಿಸ್ಕ್‌ಗಳಿಗಿಂತ ಮೇಲು. ಷರತ್ತು ಒಂದೇ: ಇಳಿಸಿ ಇಟ್ಟುಕೊಂಡಿರಬೇಕು. ನಾಳೆ ಮಾಡೋಣ ಅಂತ ಬಿಟ್ಟರೆ ಉಳಿದ ಸ್ಟೋರ್‌ಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ತಗೊಳ್ಳೋ ಮುಂಚೆ ಏನೇನು ನೋಡ್ಬೇಕು?

ಡಬ್ಬಿಯ ಹಿಂಭಾಗದ ಸಣ್ಣಕ್ಷರ ಓದಿ. 'ನೆಟ್ ಕಡ್ಡಾಯ', 'ಡೌನ್‌ಲೋಡ್ ಕಡ್ಡಾಯ' ಅನ್ನುವ ಮಾತು ಹುಡುಕಿ. 'ಆನ್‌ಲೈನ್ ಆಟಕ್ಕೆ ನೆಟ್ ಬೇಕು' ಅನ್ನುವುದು ಬೇರೆ, ಅದರಿಂದ ಗಾಬರಿ ಬೇಡ. ಡಸ್ ಇಟ್ ಪ್ಲೇ ಅನ್ನುವ ತಂಡ ಡಿಸ್ಕ್‌ಗಳನ್ನು ನೆಟ್ ಇಲ್ಲದೆ ಹಾಕಿ, ಎಷ್ಟು ಆಡಬಹುದು ಅಂತ ಪರೀಕ್ಷಿಸಿ ಪಟ್ಟಿ ಮಾಡುತ್ತದೆ. ನೋಡಿದರೆ ಎರಡು ನಿಮಿಷದ ಕೆಲಸ.

ಕೆಲವೊಮ್ಮೆ ಕಾಯುವುದೂ ಒಳ್ಳೆಯದು. ಆಲನ್ ವೇಕ್ 2 ಬರೀ ಡೌನ್‌ಲೋಡ್ ಆಗಿ 2023ರ ಅಕ್ಟೋಬರ್‌ನಲ್ಲಿ ಬಂದು, ಒಂದು ವರ್ಷದ ಮೇಲೆ ಡಿಸ್ಕ್ ಆಗಿ ಬಂತು.

ಡಿಸ್ಕ್ ಎಷ್ಟು ವರ್ಷ ಬಾಳುತ್ತೆ?

ಚೆನ್ನಾಗಿ ಇಟ್ಟರೆ ದಶಕಗಳು. ಬಿಸಿಲು, ತೇವ, ಗೀರು ಇದರ ಶತ್ರುಗಳು. ಒಳಗಿನ ಹೊಳೆಯುವ ಪದರಕ್ಕೆ ಗಾಳಿ ಸೇರಿದರೆ ಅದು ಕಪ್ಪಾಗುತ್ತದೆ, ಸಣ್ಣ ಸಣ್ಣ ತೂತುಗಳಾಗುತ್ತವೆ. ಡಿಸ್ಕನ್ನು ದೀಪದ ಎದುರು ಹಿಡಿದರೆ ಸೂಜಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕಿ ಕಾಣುತ್ತದೆ. ಅಂಚು ಹಿಡಿದು ಎತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ.

ಹಳೆಯ ಕಾರ್ಟ್ರಿಡ್ಜ್‌ಗಳ ಕಥೆ ಬೇರೆ. ಗೇಮ್ ಗಟ್ಟಿ, ಆದರೆ ಎಷ್ಟೋ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ ಉಳಿಯುವುದು ಒಳಗಿನ ನಾಣ್ಯದಂಥ ಬ್ಯಾಟರಿಯ ಮೇಲೆ. ಅದು ಸತ್ತರೆ ಸೇವ್ ಹೋಯಿತು. ನನ್ನದೊಂದನ್ನು ಬಿಚ್ಚಿ, ಹಳೆಯ ಬೆಸುಗೆ ಬಿಡಿಸಿ, ಹೊಸ ಬ್ಯಾಟರಿ ಕೂರಿಸಿದೆ. ಹಳೆಯ ಸೇವ್ ಸಿಗಲಿಲ್ಲ. ಗೇಮ್ ಮಾತ್ರ ಮೊದಲ ದಿನದ ಹಾಗೇ ಶುರುವಾಯಿತು.

ಕನ್ಸೋಲ್ ಒಳಗಿನ ಬ್ಯಾಟರಿ ಸತ್ತರೆ ಡಿಸ್ಕೂ ಓಡಲ್ಲ ಅಂತಾರೆ, ಹೌದಾ?

ಪಿಎಸ್4ರಲ್ಲಿ ಆ ಭಯ ನಿಜವಾಗಿತ್ತು. ಕನ್ಸೋಲ್ ಒಳಗೆ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಇದೆ. ಅದು ಸತ್ತರೆ ಯಂತ್ರಕ್ಕೆ ಸಮಯ ತಪ್ಪುತ್ತದೆ. ಗೇಮಿನಲ್ಲಿ ಏನಾದರೂ ಸಾಧಿಸಿದಾಗ ಸಿಗುವ ಟ್ರೋಫಿ ಯಾವಾಗ ಸಿಕ್ಕಿತು ಅಂತ ಬರೆಯಲು ಸರಿಯಾದ ಸಮಯ ಬೇಕು. ಹಾಗಾಗಿ ಸೋನಿಯ ಸರ್ವರ್‌ಗೆ ಹೋಗಿ ಕೇಳಬೇಕಿತ್ತು, ಕೇಳಲು ಆಗದಿದ್ದರೆ ಡಿಸ್ಕ್ ಗೇಮ್‌ಗಳೂ ಶುರುವಾಗುತ್ತಿರಲಿಲ್ಲ. ಸರ್ವರ್ ಒಂದು ದಿನ ನಿಂತುಹೋದರೆ, ಆಮೇಲೆ ಬ್ಯಾಟರಿ ಸತ್ತ ಪ್ರತಿ ಪಿಎಸ್4 ಕೂಡ ಕಲ್ಲು.

ಕೆಲವು ಆಟಗಾರರು ಕನ್ಸೋಲ್ ಬಿಚ್ಚಿ, ಬ್ಯಾಟರಿ ತೆಗೆದು, ನೆಟ್ ಇಲ್ಲದೆ ಒಂದೊಂದೇ ಗೇಮ್ ಹಾಕಿ ಇದನ್ನು ಸಾಬೀತು ಮಾಡಿದರು, ಎಲ್ಲರಿಗೂ ತೋರಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಬಂದ 9.00 ಅಪ್‌ಡೇಟ್ ಇದನ್ನು ಸರಿಪಡಿಸಿತು. ಸೋನಿ ಅಪ್‌ಡೇಟ್ ಪಟ್ಟಿಯಲ್ಲಿ ಈ ವಿಷಯ ಬರೆಯಲೂ ಇಲ್ಲ. ಅದೇ ಆಟಗಾರರು ಮತ್ತೆ ಬ್ಯಾಟರಿ ತೆಗೆದು ಡಿಸ್ಕ್ ಹಾಕಿದಾಗ ಗೇಮ್ ಓಡಿತು. ನಿಮ್ಮ ಹತ್ತಿರ ಹಳೆಯ ಪಿಎಸ್4 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಆವೃತ್ತಿ ನೋಡಿ. 9.00ಕ್ಕಿಂತ ಕೆಳಗಿದ್ದರೆ ಇವತ್ತೇ ಅಪ್‌ಡೇಟ್ ಮಾಡಿಕೊಳ್ಳಿ.